400 ಚದರಡಿ ಹುಲ್ಲು

ಹೊಸದಾಗಿ ಮನೆ ಕಟ್ಟಿಸಿದವರ ಅಂಗಳದಲ್ಲಿ ಮಣ್ಣು ಅನ್ನುವುದು ಇರುವುದೇ ಇಲ್ಲ. ಮಣ್ಣಿನ ಬಣ್ಣದ್ದೇನೋ ಇರುತ್ತದೆ, ಅಷ್ಟೆ. ಮೈಸೂರಿನ ಹೊರವಲಯದಲ್ಲಿರುವ ನಮ್ಮ ಮನೆಯ ಮುಂದೆ 20 ಅಡಿಗೆ 20 ಅಡಿಯ ಒಂದು ಚೌಕ ಉಳಿದಿತ್ತು. ಗಾರೆಯವರು ಸಿಮೆಂಟು ಕಲೆಸಿದ್ದು ಅಲ್ಲೇ, ಕಂಬಿ ಬಗ್ಗಿಸಿದ್ದು ಅಲ್ಲೇ, ಪೇಂಟಿನವರು ಬ್ರಷ್ಷು ತೊಳೆದಿದ್ದೂ ಅಲ್ಲೇ. ಗೃಹಪ್ರವೇಶದ ದಿನ ಮೇಲೊಂದಿಷ್ಟು ಕೆಮ್ಮಣ್ಣು ಎರಚಿ, ನೀರು ಚಿಮುಕಿಸಿ, ರಂಗೋಲಿ ಹಾಕಿ ಮುಚ್ಚಿಟ್ಟಿದ್ದೆವು. ಹುಲ್ಲು ಹಾಕಿಸೋಣ ಅಂತ ಹೊರಟಾಗ ಅದರ ಅಸಲಿ ರೂಪ ಹೊರಬಂತು. ಗುದ್ದಲಿ ಹಾಕಿದ ಕಡೆಯಲ್ಲೆಲ್ಲ ಜಲ್ಲಿ, ಟೈಲ್ಸಿನ ಚೂರು, ಗಟ್ಟಿಯಾದ ಗಾರೆಯ ಹೆಂಟೆ, ಬೈಂಡಿಂಗ್ ವೈರಿನ ತುಂಡು.

ನರ್ಸರಿಯೊಂದರ ಹುಡುಗ ಬಂದು ನೋಡಿ, ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಅಂದ. ಅವನದು ಪ್ಯಾಕೇಜ್ ಲೆಕ್ಕ. ಮೇಲೆ ನಾಲ್ಕಿಂಚು ಕೆಮ್ಮಣ್ಣು, ಅದರ ಮೇಲೆ ಹುಲ್ಲಿನ ಕಾರ್ಪೆಟ್, ತಿಂಗಳಿಗೊಮ್ಮೆ ಯೂರಿಯಾ, ಜೊತೆಗೆ ಹುಳ ಬರದ ಹಾಗೆ ಒಂದಿಷ್ಟು ಫೋರೇಟ್ ಗುಳಿಗೆ. "ಎರಡೇ ದಿನದ ಕೆಲಸ ಮೇಡಂ, ಭಾನುವಾರ ನೀವು ಇಲ್ಲಿ ಕೂತು ಕಾಫಿ ಕುಡಿಬಹುದು." ಫೋರೇಟ್ ಎಂಥ ವಿಷ ಅನ್ನುವುದು ಹೊಲದ ಕಡೆಯಿಂದ ಬಂದ ನಮ್ಮತ್ತೆಗೆ ಚೆನ್ನಾಗಿ ಗೊತ್ತು. ಅದರ ಬಳಕೆಗೆ ನಮ್ಮ ದೇಶದಲ್ಲಿ 2020ರ ಕೊನೆಗೇ ನಿಷೇಧ ಬಿದ್ದಿದೆ. ಆಗ ನಮ್ಮ ಮಗಳು ಅಂಬೆಗಾಲಿಡುತ್ತಿದ್ದಳು, ಕೈಗೆ ಸಿಕ್ಕಿದ್ದೆಲ್ಲ ನೇರ ಬಾಯಿಗೆ. ಬೋರ್‌ವೆಲ್ ಇರುವುದು ಅದೇ ಚೌಕದ ಮೂಲೆಯಲ್ಲಿ. ಹುಡುಗನಿಗೆ ಕಾಫಿ ಕೊಟ್ಟು ಕಳಿಸಿದೆವು.

ಸಾವಯವ ಅನ್ನುವ ತೀರ್ಮಾನ ಆಗಿದ್ದು ಹಾಗೆ. ದೊಡ್ಡ ತತ್ವವೇನೂ ಇರಲಿಲ್ಲ. ಮಗು ಹೊರಳಾಡುವ ಜಾಗಕ್ಕೆ ಏನು ಹಾಕಬಹುದು, ಏನು ಹಾಕಬಾರದು ಅನ್ನುವುದಷ್ಟೇ ಇದ್ದಿದ್ದು.

ಕೆಲಸಕ್ಕೆ ಸಿಕ್ಕಿದವರು ನಂಜನಗೂಡು ಕಡೆಯ ಒಬ್ಬ ಹಿರಿಯರು. ಬಡಾವಣೆಯಲ್ಲಿ ಎಲ್ಲರೂ ಅವರನ್ನು ತಾತ ಅಂತಲೇ ಕರೆಯುವುದು. ಊರಲ್ಲಿ ಒಂದೆಕರೆ ಹೊಲ, ಮೂರು ಮೇಕೆ, ಇಲ್ಲಿ ನಾಲ್ಕಾರು ಮನೆಯ ತೋಟದ ಕೆಲಸ. ಏನು ಮಾಡಬೇಕು ಅಂತ ವಿವರಿಸಿದಾಗ ಅವರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೊಡವಿ ನಕ್ಕರು. "ಅಲ್ಲ ಕಣವ್ವ, ನಾವು ಹೊಲ್ದಲ್ಲಿ ಹುಲ್ಲು ಕೀಳಕ್ಕೆ ಕೂಲಿ ಕೊಡ್ತೀವಿ. ನೀವು ಹುಲ್ಲು ಹಾಕಕ್ಕೆ ಕೂಲಿ ಕೊಡ್ತೀನಿ ಅಂತೀರಲ್ಲ!" ಅತ್ತೆಯೂ ಅವರ ಪಕ್ಷವೇ. ಆ ಜಾಗದಲ್ಲಿ ನಾಲ್ಕು ಬದನೆ, ಎರಡು ಮೆಣಸಿನ ಗಿಡ ಹಾಕಿದರೆ ಅಡುಗೆಗಾದರೂ ಆಗುತ್ತದೆ ಅನ್ನುವುದು ಅವರ ವಾದ. ನ್ಯಾಯವಾದ ಮಾತೇ. ಅದಕ್ಕೆ ಹಿತ್ತಲನ್ನು ಬಿಟ್ಟುಕೊಟ್ಟೆ.

ಅಗೆಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿದೆವು. ಐದಾರು ಕಡೆ ವಿ ಆಕಾರದ ಗುಂಡಿ ತೋಡಿ, ಆರಿಂಚಿನ ಆಳದವರೆಗೆ ಪಕ್ಕದಿಂದ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕೆಜಿ ಕೊಡಬೇಕು. ವರದಿಯಲ್ಲಿ ಎರಡು ಅಂಕಿ ಕಣ್ಣಿಗೆ ಬಿದ್ದವು. ರಸಸಾರ, ಅಂದರೆ ಪಿಎಚ್, 8ರ ಮೇಲಿತ್ತು, ಕ್ಷಾರ ಜಾಸ್ತಿ ಅಂತ ಅರ್ಥ. ಸಿಮೆಂಟಿನ ಸುಣ್ಣದ ಕೆಲಸ ಅದು. ಸಾವಯವ ಇಂಗಾಲ 0.4%. 0.5ಕ್ಕಿಂತ ಕೆಳಗಿದ್ದರೆ ಪರೀಕ್ಷೆಯವರು ಅದನ್ನು 'ಕಡಿಮೆ' ಸಾಲಿಗೆ ಹಾಕುತ್ತಾರೆ. ಹುಲ್ಲಿಗೆ ಏನು ಬೇಕು ಅಂತ ಯೋಚಿಸುವ ಅಗತ್ಯವೇ ಉಳಿಯಲಿಲ್ಲ. ಗಾರೆ ಹೊರಗೆ ಹೋಗಬೇಕು, ಗೊಬ್ಬರ ಒಳಗೆ ಬರಬೇಕು.

ಮೇಲಿನ ಗಟ್ಟಿ ಪದರವನ್ನು ಕಿತ್ತು ಒಂದು ಟಿಪ್ಪರ್‌ನಲ್ಲಿ ಸಾಗಿಸಿದೆವು. ಉಳಿದದ್ದನ್ನು ಒಂದಡಿ ಆಳಕ್ಕೆ ಅಗೆದು, ಜರಡಿ ಹಿಡಿದು, ಕೊರತೆ ಬಿದ್ದಷ್ಟಕ್ಕೆ ಕೆಮ್ಮಣ್ಣು ತರಿಸಿದೆವು. ಆ ಮಣ್ಣಿನ ಜೊತೆ ಬಂದಿದ್ದು ಕೊನ್ನಾರಿ ಗೆಡ್ಡೆ ಅನ್ನುವ ಕಳೆ.

ಕೊನ್ನಾರಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಲಾನ್ ಮಾಡಿಸಿದವರು ಅರ್ಧಕ್ಕರ್ಧ ಜನ ಕೈಬಿಡುವುದು ಇದರಿಂದಲೇ ಅನ್ನುವುದು ನನ್ನ ಅಂದಾಜು. ಉತ್ತರ ಕರ್ನಾಟಕದವರು ಜೇಕು ಅನ್ನುತ್ತಾರೆ, ಆಯುರ್ವೇದದವರಿಗೆ ಇದು ಭದ್ರಮುಷ್ಟಿ. ಮೇಲೆ ನೋಡಿದರೆ ಹೊಳಪಿನ, ಚೂಪಾದ, ತಿಳಿ ಹಸಿರಿನ ಎಲೆ. ಕಾಂಡವನ್ನು ಬೆರಳಲ್ಲಿ ಹೊಸೆದರೆ ಮೂರು ಮೂಲೆ ತಾಕುತ್ತದೆ, ಹುಲ್ಲಿನ ಹಾಗೆ ದುಂಡಗಿಲ್ಲ. ಎಳೆದರೆ ಪಟ್ಟಂತ ಕಿತ್ತುಬರುತ್ತದೆ, ಗೆದ್ದೆವು ಅನ್ನಿಸುತ್ತದೆ. ಗೆಡ್ಡೆ ಮಾತ್ರ ಕೆಳಗೇ ಇರುತ್ತದೆ. ತಾತ ಒಂದನ್ನು ಸಲಿಕೆಯಿಂದ ಆಳವಾಗಿ ಮಗುಚಿ ಮಣ್ಣು ಉದುರಿಸಿ ಅಂಗೈ ಮೇಲಿಟ್ಟು ತೋರಿಸಿದರು. ಕಡಲೆಕಾಳಿನಷ್ಟಿಂದ ಹುಣಸೆಬೀಜದಷ್ಟು ಗಾತ್ರದ ಕಪ್ಪು ಗೆಡ್ಡೆಗಳು, ಒಂದಕ್ಕೊಂದು ತಂತಿಯಷ್ಟು ತೆಳ್ಳಗಿನ ಬೇರಿನಿಂದ ಪೋಣಿಸಿಕೊಂಡಿದ್ದವು. ಒಂದನ್ನು ಉಗುರಲ್ಲಿ ಒಡೆದಾಗ ಒಳಗೆ ಬಿಳಿ, ಕರ್ಪೂರದ ಜಾಡಿನ ಘಾಟು. ಎಲೆ ಕಿತ್ತಾಗಲೆಲ್ಲ ಈ ಸರದಲ್ಲಿ ಮಲಗಿರುವ ಇನ್ನೊಂದು ಗೆಡ್ಡೆ ಎದ್ದು ಕೂರುತ್ತದೆ. "ಇದು ಕಿತ್ತಷ್ಟೂ ನಗ್ತದೆ" ಅಂದರು ತಾತ.

ಕಳೆನಾಶಕ ಬೇಡ ಅಂದಮೇಲೆ ಉಳಿದದ್ದು ತಾಳ್ಮೆ ಮತ್ತು ಬಿಸಿಲು. ಖಾಲಿ ನೆಲಕ್ಕೆ ನೀರು ಬಿಟ್ಟು ಅದಾಗಿ ಅದೇ ಚಿಗುರುವಂತೆ ಮಾಡುವುದು, ನಾಲ್ಕೈದು ಎಲೆ ಬಂದಾಗ ಗೆಡ್ಡೆ ಸಮೇತ ತೋಡಿ ತೆಗೆಯುವುದು, ಮತ್ತೆ ನೀರು ಬಿಡುವುದು. ಚಿಗುರು ಬೆಳೆದು ಹೊಸ ಗೆಡ್ಡೆ ಕಟ್ಟುವ ಮೊದಲೇ ತೆಗೆದರೆ ಹಳೆಯ ಗೆಡ್ಡೆಯ ಶಕ್ತಿ ವ್ಯರ್ಥವಾಗುತ್ತದೆ. ಹೀಗೆ ಮಾಡುತ್ತ ಬೇಸಿಗೆ ನೆತ್ತಿಗೇರಿತು. ಏಪ್ರಿಲ್ ಮಧ್ಯದಲ್ಲಿ ನೆಲವನ್ನು ಚೆನ್ನಾಗಿ ನೆನೆಸಿ, ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಸುತ್ತಲೂ ಮಣ್ಣು ಮುಚ್ಚಿದೆವು. ಕಪ್ಪು ಹಾಳೆ ಅಲ್ಲ, ಪಾರದರ್ಶಕದ್ದೇ ಆಗಬೇಕು. ಬಿಸಿಲು ಹಾಳೆಯನ್ನು ದಾಟಿ ಒದ್ದೆ ಮಣ್ಣನ್ನೇ ಕಾಯಿಸಬೇಕು, ಆ ಶಾಖ ಒಳಗೇ ಉಳಿಯಬೇಕು. ಐದಾರು ವಾರ ಹಾಗೇ ಬಿಟ್ಟೆವು. ಮಧ್ಯಾಹ್ನ ಹಾಳೆಯ ಅಂಚಿನಲ್ಲಿ ಕೈ ತೂರಿಸಿದರೆ ಹಿಡಿಯಲಾಗದಷ್ಟು ಬಿಸಿ. ಸಣ್ಣ ಕಳೆ ಬೀಜಗಳು ಇದರಲ್ಲಿ ಬಹುಪಾಲು ಸಾಯುತ್ತವೆ. ಕೊನ್ನಾರಿ ಪೂರ್ತಿ ಸಾಯುವುದಿಲ್ಲ, ಆಳದ ಗೆಡ್ಡೆ ಬದುಕುತ್ತದೆ. ಆದರೆ ಗುಂಪು ಗುಂಪಾಗಿ ಏಳುತ್ತಿದ್ದದ್ದು ಆಮೇಲೆ ಒಂಟೊಂಟಿಯಾಗಿ ಏಳತೊಡಗಿತು, ಒಂಟಿಯನ್ನು ನಿಭಾಯಿಸಬಹುದು.

ಗೊಬ್ಬರದ ವಿಷಯಕ್ಕೆ ಬಂದರೆ, 'ಕೊಟ್ಟಿಗೆ ಗೊಬ್ಬರ' ಅಂತ ಹೇಳಿ ತಂದು ಸುರಿಯುವುದೆಲ್ಲ ಗೊಬ್ಬರವಲ್ಲ. ಮೊದಲು ಬಂದ ಟ್ರ್ಯಾಕ್ಟರ್ ಲೋಡಿನಲ್ಲಿ ಸಗಣಿ ಸಗಣಿಯಾಗಿಯೇ ಇತ್ತು, ಒಳಗೆ ಕೈ ಹಾಕಿದರೆ ಬಿಸಿ, ಮೂಗಿಗೆ ಅಮೋನಿಯಾ. ವಾಪಸ್ ಕಳಿಸಿದೆ. ಆತನಿಗೆ ಕೋಪ ಬಂತು, ಬರಲಿ. ಎರಡನೆಯದರಲ್ಲಿ ಹಿಡಿ ತೆಗೆದು ಹಿಸುಕಿದರೆ ಕೈಗೆ ಅಂಟಲಿಲ್ಲ, ಮಳೆ ಬಿದ್ದ ನೆಲದ ವಾಸನೆ. ಅದರಲ್ಲಿ ಹೆಬ್ಬೆರಳು ಗಾತ್ರದ ಬಿಳಿ ಹುಳಗಳಿದ್ದವು. ನಾನು ಹಿಂದೆ ಸರಿದೆ. ತಾತ ಒಂದನ್ನು ಎತ್ತಿ ನೋಡಿ, "ಇದು ಕುರುವಾಯಿ ಮರಿ. ಹುಲ್ಲಿಗೇನೂ ಮಾಡಕ್ಕಿಲ್ಲ, ಗೊಬ್ಬರ ತಿನ್ಕಂಡಿರ್ತದೆ. ದೊಡ್ಡದಾದ್ಮೇಲೆ ತೆಂಗಿನ ಸುಳಿ ತೂತು ಹೊಡೀತದೆ" ಅಂದರು. ನಮಗೆ ತೆಂಗಿಲ್ಲ, ಪಕ್ಕದ ಮನೆಯವರಿಗೆ ಎರಡಿವೆ. ಜರಡಿ ಹಿಡಿದು ಆರಿಸಿ ತೆಗೆದೆವು, ಒಂದು ಜೊತೆ ಗೊರವಂಕ ಕಾಂಪೌಂಡಿನ ಮೇಲೆ ಕೂತು ಅದರ ವಿಲೇವಾರಿ ನೋಡಿಕೊಂಡವು.

400 ಚದರಡಿಗೆ ಎರಡಿಂಚು ದಪ್ಪ ಗೊಬ್ಬರ ಅಂದರೆ ಸುಮಾರು 66 ಘನ ಅಡಿ, ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅದನ್ನು ಆರಿಂಚು ಆಳಕ್ಕೆ ಬೆರೆಸಿ, ಮೇಲೆ ಐದಾರು ಕೆಜಿ ಬೇವಿನ ಹಿಂಡಿ ಉದುರಿಸಿದೆವು. ಆಮೇಲೆ ಮಟ್ಟ. ನೀರು ಮನೆ ಕಡೆ ಬರಬಾರದು, ಹಾಗಂತ ಕೊಚ್ಚಿಕೊಂಡೂ ಹೋಗಬಾರದು. ಗೋಡೆಯಿಂದ ಗೇಟಿನ ಕಡೆಗೆ 20 ಅಡಿಯಲ್ಲಿ ಮೂರು ನಾಲ್ಕು ಇಂಚು ಇಳಿಜಾರು ಕೊಟ್ಟೆವು. ಗಾರೆಯವರು ಮಟ್ಟ ನೋಡುವ ನೀರಿನ ಕೊಳವೆ ಹಿಡಿದು, ದಾರ ಕಟ್ಟಿ, ಉಬ್ಬು ಕೆರೆದು, ತಗ್ಗು ತುಂಬಿ, ನೀರು ಹಾಯಿಸಿ ಕೂರಿಸಿ, ಕೂತ ಮೇಲೆ ಮತ್ತೆ ತುಂಬಿ. ಬೇಸರದ ಕೆಲಸ. ಇದರಲ್ಲಿ ಉಳಿಸಿದ ಶ್ರಮ ಮುಂದೆ ಲಾನ್ ಇರುವವರೆಗೂ ಹುಲ್ಲು ಕತ್ತರಿಸುವ ಮೂವರ್ ತಳ್ಳುವಾಗ ಕೈಗೆ ತಾಕುತ್ತದೆ.

ಯಾವ ಹುಲ್ಲು? ನಮ್ಮ ಕಡೆ ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಮೆಕ್ಸಿಕನ್ ಅಂತ ಕರೆಯುವ ಜೋಯ್ಸಿಯಾ, ಸಣ್ಣ ಎಲೆ, ಮೆತ್ತೆ, ನಿಧಾನ ಬೆಳವಣಿಗೆ. ಬರ್ಮುಡಾ, ಅಂದರೆ ನಮ್ಮ ಗರಿಕೆಯದೇ ಸುಧಾರಿಸಿದ ತಳಿಗಳು. ತುಳಿತ ತಡೆಯುತ್ತದೆ, ಬಿಸಿಲು ಬೇಕೇ ಬೇಕು, ಬೇಗ ಬೆಳೆಯುತ್ತದೆ. ಅಗಲ ಎಲೆಯ ಬಫೆಲೊ, ಅರೆನೆರಳಿಗೆ ಪರವಾಗಿಲ್ಲ. ವಾರವಾರ ಕತ್ತರಿಸುವ ಉಮೇದು ನಮ್ಮಲ್ಲಿ ಯಾರಿಗೂ ಇರಲಿಲ್ಲ, ಜಾಗಕ್ಕೆ ದಿನಕ್ಕೆ ಆರೇಳು ಗಂಟೆ ಬಿಸಿಲಿತ್ತು. ಮೆಕ್ಸಿಕನ್ ಅಂತ ಆಯಿತು.

2022ರ ಜೂನ್, ಮೃಗಶಿರ ಮಳೆ ಹಿಡಿದಿತ್ತು. ಹುಲ್ಲು ಬೆಳಿಗ್ಗೆ ಬರುತ್ತದೆ ಅಂದವರು ಮಧ್ಯಾಹ್ನ ತಂದರು. ಎರಡಡಿ ಉದ್ದ, ಒಂದಡಿ ಅಗಲದ ಹಾಳೆಗಳನ್ನು ಪಿಕಪ್ ಗಾಡಿಯಲ್ಲಿ ಎದೆಮಟ್ಟ ಒಟ್ಟಿದ್ದರು. ಅಟ್ಟಿಯ ನಡುವೆ ಕೈ ತೂರಿಸಿ ನೋಡಿದೆ, ಬೆಚ್ಚಗಿತ್ತು. ಜೀವಂತ ಹುಲ್ಲನ್ನು ಒಂದರ ಮೇಲೊಂದು ಒಟ್ಟಿದರೆ ಒಳಗೆ ಬಿಸಿಯೇರಿ ಬೇಯತೊಡಗುತ್ತದೆ. ನಾಳೆ ಹಾಸೋಣ ಅನ್ನುವ ಮಾತೇ ಇಲ್ಲ, ಇಳಿಸಿದ ದಿನವೇ ನೆಲ ಸೇರಬೇಕು. ಹಾಳೆ ಮಗುಚಿ ನೋಡಿದರೆ ಅಡಿಯಲ್ಲಿ ಮುಕ್ಕಾಲಿಂಚು ಕಪ್ಪು ಕೆರೆಗೋಡು. ಕೆರೆಯ ಹೂಳು ಹುಲ್ಲನ್ನು ಹಿಡಿದಿಡಲು ಒಳ್ಳೆಯದು, ಆದರೆ ಸಡಿಲ ಕೆಮ್ಮಣ್ಣಿನ ಮೇಲೆ ಜಿಗುಟು ಮಣ್ಣಿನ ಪದರ ಕೂತರೆ ನೀರು ಅಲ್ಲೇ ನಿಂತುಬಿಡುತ್ತದೆ, ಬೇರೂ ಕೆಳಗಿಳಿಯಲು ಹಿಂದೆಮುಂದೆ ನೋಡುತ್ತದೆ. ಅಡಿಯ ಮಣ್ಣನ್ನು ಕೈಯಿಂದ ಆದಷ್ಟು ಉದುರಿಸಿ, ನೆಲದ ಮೇಲ್ಪದರವನ್ನು ಕುಂಟೆಯಿಂದ ಗೀರಿ ಒರಟು ಮಾಡಿಕೊಂಡೆವು.

ಮೊದಲ ಸಾಲು ನೇರವಾಗಿದ್ದರೆ ಉಳಿದದ್ದೆಲ್ಲ ನೇರ. ಕಾರು ನಿಲ್ಲಿಸುವ ಕಲ್ಲುಹಾಸಿನ ಅಂಚಿಗೆ ದಾರ ಹಿಡಿದು ಅಲ್ಲಿಂದ ಶುರು ಮಾಡಿದೆವು. ಒಂದು ಸಾಲಿನ ಸಂದು ಮುಂದಿನ ಸಾಲಿನ ಹಾಳೆಯ ನಡುವಿಗೆ ಬರಬೇಕು, ಇಲ್ಲದಿದ್ದರೆ ಮಳೆನೀರು ಉದ್ದಕ್ಕೂ ಸಂದು ಹಿಡಿದು ಹರಿಯುತ್ತದೆ. ಹಾಳೆಯನ್ನು ಎಳೆದು ಹಿಗ್ಗಿಸಬಾರದು, ನಾಳೆ ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಒತ್ತಿ ತಾಗಿಸಿ ಇಡಬೇಕು. ಹಾಸಿದ ಹುಲ್ಲಿನ ಮೇಲೆ ಹಲಗೆ ಹಾಕಿಕೊಂಡು ಅದರ ಮೇಲೆ ಕೂತು ಮುಂದಿನ ಸಾಲು. ತಾತನ ಕೈಯಲ್ಲಿ ಕುಡುಗೋಲು, ಮೂಲೆ ಕತ್ತರಿಸಲು. ಸಂದುಗಳಿಗೆ ಮರಳು, ಜರಡಿ ಹಿಡಿದ ಗೊಬ್ಬರದ ಮಿಶ್ರಣ ತುಂಬಿ, ಹಲಗೆಯಿಂದ ಬಡಿದು ಬಡಿದು ಕೂರಿಸಿದೆವು. ಅಡಿಯಲ್ಲಿ ಗಾಳಿ ಉಳಿದ ಕಡೆ ಬೇರು ಒಣಗಿ ಹಳದಿ ಮಚ್ಚೆ ಬೀಳುತ್ತದೆ. ಮುಗಿಯುವ ಹೊತ್ತಿಗೆ ಬೀದಿದೀಪ ಹತ್ತಿತ್ತು, ಸೊಂಟ ಹಿಡಿದಿತ್ತು. ನೀರು ಕೊಟ್ಟು, ಒಂದು ಮೂಲೆ ಎತ್ತಿ ಕೆಳಗೆ ನಾಲ್ಕಿಂಚು ನೆನೆದಿದೆ ಅಂತ ಬೆರಳು ಹಾಕಿ ನೋಡಿದ ಮೇಲೆಯೇ ಒಳಗೆ ಹೋದದ್ದು.

ಮೊದಲ ಎರಡು ವಾರ ದಿನಾ ನೀರು, ಮಳೆ ಬಂದ ದಿನ ಬಿಟ್ಟು. ಈ ಹಂತದಲ್ಲಿ ಬೇರಿಗೆ ಕೆಳಗಿನ ಮಣ್ಣಿನ ಪರಿಚಯ ಇನ್ನೂ ಆಗಿರುವುದಿಲ್ಲ, ಹಾಳೆಯಲ್ಲಿರುವಷ್ಟೇ ತೇವ ಅದರ ಪಾಲು. ಅಂಚುಗಳು ಮೊದಲು ಒಣಗುತ್ತವೆ, ಅಲ್ಲಿಗೆ ಹೂಜಿಯಲ್ಲಿ ಬೇರೆಯಾಗಿ ಕೊಟ್ಟೆ. ಮೂರನೇ ವಾರ ಒಂದು ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ, ಬರಲಿಲ್ಲ. ಅಲ್ಲಿಂದ ನೀರಿನ ಕ್ರಮ ತಿರುಗಿಸಿದೆವು. ದಿನಾ ಸ್ವಲ್ಪ ಸ್ವಲ್ಪ ಬಿಟ್ಟು, ಮೂರ್ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ತುಂಬ. ಮೇಲೆ ಒಣಗಿ ಕೆಳಗೆ ತೇವ ಇದ್ದರೆ ಬೇರು ಕೆಳಗಿಳಿಯುತ್ತದೆ. ಸದಾ ಒದ್ದೆಯಾಗಿಟ್ಟರೆ ಬೇರು ಮೇಲೇ ಉಳಿಯುತ್ತದೆ, ಕೊನ್ನಾರಿ ಮಾತ್ರ ಸೊಂಪಾಗುತ್ತದೆ. ಅದಕ್ಕೆ ಒದ್ದೆ ನೆಲ ಎಂದರೆ ಪಂಚಪ್ರಾಣ.

ಕತ್ತರಿಸುವುದಕ್ಕೆ ತಳ್ಳುವ ಮೂವರ್ ಕೊಂಡೆವು, ಮೋಟಾರಿಲ್ಲದ್ದು. ಮಗು ಮಲಗಿದ್ದಾಗಲೂ ಓಡಿಸಬಹುದು. ಒಮ್ಮೆಗೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ನಾವು ಹೆಚ್ಚುಕಮ್ಮಿ ಎರಡಿಂಚು ಉಳಿಸುತ್ತೇವೆ. ಗಾಲ್ಫ್ ಮೈದಾನದ ಹಾಗೆ ಬೋಳಿಸಿದರೆ ನೋಡಲು ಚೆಂದ, ಆದರೆ ಎಲೆಯೇ ಹುಲ್ಲಿನ ಅಡುಗೆಮನೆ. ಅದನ್ನು ಕಿತ್ತುಕೊಂಡು ಮೇಲೆ ಯೂರಿಯಾ ಸುರಿಯುವುದು ಯಾವ ನ್ಯಾಯ? ಎತ್ತರ ಬಿಟ್ಟರೆ ನೆಲಕ್ಕೆ ನೆರಳು ಬಿದ್ದು ಕಳೆ ಬೀಜವೂ ಅಷ್ಟಾಗಿ ಮೊಳೆಯುವುದಿಲ್ಲ. ಬ್ಲೇಡು ಮೊಂಡಾದರೆ ತುದಿ ಹರಿದು ಮಾರನೇ ದಿನಕ್ಕೆ ಇಡೀ ಲಾನ್ ಕಂದು ಮಂಕಾಗಿ ಕಾಣುತ್ತದೆ, ಸಾಣೆ ಹಿಡಿಸಿಡಬೇಕು. ಕತ್ತರಿಸಿದ ಚೂರು ಸಣ್ಣದಿದ್ದರೆ ಅಲ್ಲೇ ಬಿಡುತ್ತೇವೆ. ಹುಲ್ಲು ವರ್ಷದಲ್ಲಿ ಕೇಳುವ ಸಾರಜನಕದಲ್ಲಿ ಸುಮಾರು ಕಾಲು ಭಾಗ ಹೀಗೆಯೇ ಮಣ್ಣಿಗೆ ಮರಳುತ್ತದೆ. ಮಳೆಗಾಲದಲ್ಲಿ ಉದ್ದ ಬೆಳೆದಾಗ ಮಾತ್ರ ಗುಡಿಸಿ ಚೀಲಕ್ಕೆ ತುಂಬುತ್ತೇವೆ. ತಾತ ಮೊದಲ ಸಲ ಚೀಲ ಹೆಗಲಿಗೇರಿಸುವ ಮೊದಲು ಕೇಳಿದರು, "ಔಸ್ದಿ ಗಿವ್ಸ್ದಿ ಹೊಡ್ದಿಲ್ವಲ್ಲವ್ವ?" ಇಲ್ಲ ಅಂದಮೇಲೆ ಅದು ಮೇಕೆಗಳ ಪಾಲಾಯಿತು. ಬೇರೆ ಮನೆಗಳ ಹುಲ್ಲನ್ನು ಅವರು ಒಯ್ಯುವುದಿಲ್ಲ.

ಆಗಸ್ಟಿನಲ್ಲಿ, ಎಲ್ಲವೂ ಸರಿಹೋಯಿತು ಅಂದುಕೊಳ್ಳುವಾಗ, ಗೇಟಿನ ಪಕ್ಕ ತಟ್ಟೆಯಗಲದ ಹಳದಿ ಮಚ್ಚೆ ಕಂಡಿತು. ನೀರು ಸಾಲದೆ ಅಂತ ಮೊದಲು ಅನ್ನಿಸುತ್ತದೆ, ಆದರೆ ಅಲ್ಲಿ ನೆಲ ಒದ್ದೆಯಾಗಿಯೇ ಇತ್ತು. ಕಾಗೆ, ಗೊರವಂಕಗಳು ಅದೇ ಜಾಗವನ್ನು ಕೆದಕುತ್ತಿದ್ದವು. ಚಂದ್ರಮುಕುಟವೊಂದು ಬಂದು ಉದ್ದ ಕೊಕ್ಕನ್ನು ಬೇರಿನವರೆಗೂ ಇಳಿಸಿ ಇಳಿಸಿ ಏನೋ ಎತ್ತುತ್ತಿತ್ತು. ಮಚ್ಚೆಯ ಅಂಚು ಹಿಡಿದೆತ್ತಿದೆ, ಚಾಪೆ ಸುತ್ತಿದ ಹಾಗೆ ಹುಲ್ಲು ಎದ್ದು ಬಂತು. ಬೇರೇ ಇರಲಿಲ್ಲ. ಕೆಳಗೆ ಕಂದು ತಲೆಯ, ಬಾಗಿ ಮಲಗಿದ ಬಿಳಿ ಹುಳಗಳು. ಈ ಸಲ ಕುರುವಾಯಿಯಲ್ಲ, ಗೊಣ್ಣೆ ಹುಳು. ಬೇರು ತಿನ್ನುವುದೇ ಇದರ ಕಸುಬು. ಕಬ್ಬು, ಕಡಲೆಕಾಯಿ ಬೆಳೆಯುವವರನ್ನು ಕೇಳಿದರೆ ಇದರ ಕಥೆ ಹೇಳುತ್ತಾರೆ. ಮುಂಗಾರು ಪೂರ್ವದ ಮಳೆ ಬಿದ್ದ ಸಂಜೆಗಳಲ್ಲಿ ದುಂಬಿಗಳು ನೆಲದಿಂದೆದ್ದು ಬೇವಿನಂಥ ಮರಗಳ ಎಲೆ ತಿಂದು, ಕೂಡಿ, ಮತ್ತೆ ಮಣ್ಣಿಗಿಳಿದು ಮೊಟ್ಟೆಯಿಡುತ್ತವೆ. ನಮ್ಮ ಬೀದಿಯ ತುದಿಯಲ್ಲಿ ದೊಡ್ಡ ಬೇವಿನ ಮರವಿದೆ. ಜೂನಿನಲ್ಲಿ ನಾವು ಮೆತ್ತಗೆ, ತೇವವಾಗಿ, ಗೊಬ್ಬರ ಹಾಕಿ ಹದಮಾಡಿಟ್ಟ ನೆಲ ಅವಕ್ಕೆ ಹೆರಿಗೆ ಕೋಣೆಯಾಗಿತ್ತು.

ನರ್ಸರಿ ಹುಡುಗನ ಗುಳಿಗೆ ಆಗ ನೆನಪಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಸಾವಯವದಲ್ಲಿ ಇದಕ್ಕೆ ಗಟ್ಟಿ ಮದ್ದಿದೆ. ಮೆಟಾರೈಜಿಯಂ ಅನ್ನುವ ಶಿಲೀಂಧ್ರ ಹುಳದ ಚರ್ಮದ ಮೂಲಕ ಒಳಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. ಹಾಗೆಯೇ ಹೆಟೆರೊರ್‍ಹಾಬ್ಡಿಟಿಸ್ ಎಂಬ, ಕಣ್ಣಿಗೆ ಕಾಣದ ಜಂತುಹುಳಗಳೂ ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದವರು ಗೊಣ್ಣೆ ಹುಳುವಿಗೆ ಅಂತಲೇ ಇವುಗಳ ಮೇಲೆ ಕೆಲಸ ಮಾಡಿದ್ದಾರೆ. ನಮಗೆ ಹತ್ತಿರದಲ್ಲಿ ಸಿಕ್ಕಿದ್ದು ಮೆಟಾರೈಜಿಯಂ ಪುಡಿ. ಕೊಳ್ಳುವಾಗ ಪೊಟ್ಟಣದ ಮೇಲಿನ ತಾರೀಖು ನೋಡಲೇಬೇಕು. ಅದು ಜೀವಂತ ಸರಕು, ಅಂಗಡಿಯ ಶೀಟಿನ ಕೆಳಗೆ ಒಂದು ಬೇಸಿಗೆ ಬೆಂದಿದ್ದರೆ ನಾವು ತರುವುದು ಬರೀ ಸುಣ್ಣದ ಪುಡಿ. ಕಾಲು ಕೆಜಿ ಪುಡಿಯನ್ನು ಎರಡು ಬುಟ್ಟಿ ಹಳೆಯ ಗೊಬ್ಬರಕ್ಕೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ ಹತ್ತು ದಿನ ಇಟ್ಟರೆ ಗೊಬ್ಬರವೇ ಶಿಲೀಂಧ್ರದ ಮನೆಯಾಗುತ್ತದೆ. ನಾಲ್ಕು ಹಲ್ಲಿನ ಫೋರ್ಕಿನಿಂದ ಮಚ್ಚೆಯ ಸುತ್ತಮುತ್ತ ಚುಚ್ಚಿ, ಸಂಜೆ ಬಿಸಿಲಿಳಿದ ಮೇಲೆ ಆ ಗೊಬ್ಬರ ಉದುರಿಸಿ ನೀರು ಕೊಟ್ಟೆವು. ಬಿಸಿಲು ಬಿದ್ದರೆ ಶಿಲೀಂಧ್ರ ಸಾಯುತ್ತದೆ, ನೆಲ ಒಣಗಿದರೂ ಅಷ್ಟೆ.

ಗುಳಿಗೆ ಹಾಕಿದರೆ ಎರಡು ದಿನದಲ್ಲಿ ಹುಳ ಸಾಯುತ್ತಿತ್ತೇನೋ. ಇದು ವಾರಗಟ್ಟಲೆ ತೆಗೆದುಕೊಂಡಿತು. ಅಷ್ಟರಲ್ಲಿ ಮಚ್ಚೆ ಇನ್ನಷ್ಟು ಅಗಲವಾಯಿತು, ಮನೆಯವರು ಮೂಗು ಮುರಿದರು. ಸೆಪ್ಟೆಂಬರಿನಲ್ಲಿ ಒಂದು ದಿನ ಕೆದಕಿದಾಗ ಸಿಕ್ಕ ಹುಳ ಸೆಟೆದುಕೊಂಡಿತ್ತು, ಮೈಮೇಲೆ ಪಾಚಿ ಬಣ್ಣದ ಹಸಿರು ಬೂಷ್ಟು. ಅದನ್ನು ಎಸೆಯದೆ ಹಾಗೇ ಮಣ್ಣಲ್ಲಿ ಮುಚ್ಚಿಟ್ಟೆ, ಒಂದು ಹುಳದ ಬೂಷ್ಟು ನೂರು ಹುಳಕ್ಕೆ ತಗಲುತ್ತದೆ. ಕಿತ್ತುಹೋದ ಜಾಗಕ್ಕೆ ಬೇಲಿ ಪಕ್ಕದಿಂದ ನಾಲ್ಕು ತುಂಡು ತೆಗೆದು ನೆಟ್ಟದ್ದು ದೀಪಾವಳಿಯ ಹೊತ್ತಿಗೆ ಕೂಡಿಕೊಂಡಿತು. ಮರುವರ್ಷದಿಂದ ಬೇಸಿಗೆಯ ಮೊದಲ ಮಳೆಗಳ ಸಂಜೆ ಬಲ್ಬಿನ ಕೆಳಗೆ ನೀರಿನ ಬೋಗುಣಿ ಇಟ್ಟು, ಎರಡು ಚಮಚ ಸೀಮೆಎಣ್ಣೆ ಹಾಕಿ ದುಂಬಿ ಹಿಡಿಯುತ್ತೇವೆ. ರಾತ್ರಿ ಒಂಬತ್ತರ ಮೇಲೆ ದೀಪ ಆರಿಸುವುದು ಒಳ್ಳೆಯದು, ಇಲ್ಲದಿದ್ದರೆ ಪಾಪದ ಬೇರೆ ಹುಳಗಳೂ ಬಂದು ಬೀಳುತ್ತವೆ.

ಪೋಷಣೆಗೆ ನಾವು ಮಾಡುವುದು ಸರಳ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಉತ್ತರೆ ಮಳೆಯ ಸುಮಾರಿಗೆ ಒಮ್ಮೆ, ಜರಡಿ ಹಿಡಿದ ಎರೆಹುಳು ಗೊಬ್ಬರ, ಕೆಮ್ಮಣ್ಣು, ಮರಳು ಬೆರೆಸಿ ಕಾಲಿಂಚು ದಪ್ಪ ಹರಡಿ ಪೊರಕೆಯಿಂದ ಹುಲ್ಲಿನ ಬುಡಕ್ಕೆ ಇಳಿಸುವುದು. ಅದರ ಜೊತೆ ಹಿಂಡಿ. ಸಾರಜನಕ ಬೇವಿನ ಹಿಂಡಿಯಲ್ಲಿ ಸುಮಾರು 5%, ಹೊಂಗೆ ಹಿಂಡಿಯಲ್ಲಿ 4%ರ ಹತ್ತಿರ, ಕಡಲೆಕಾಯಿ ಹಿಂಡಿಯಲ್ಲಿ 7%. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಕೊಟ್ಟರೆ ವಾರದಲ್ಲಿ ಬಣ್ಣ ಏರುತ್ತದೆ, ಇರುವೆಯೂ ಹೆಗ್ಗಣವೂ ಜೊತೆಗೇ ಬರುತ್ತವೆ. ಹೊಂಗೆ ಹಿಂಡಿಯನ್ನೇ ನಾನು ಮೆಚ್ಚುವುದು, ನಿಧಾನಕ್ಕೆ ಕರಗುತ್ತದೆ, ಕಹಿಗೆ ಗೆದ್ದಲೂ ಅಷ್ಟಾಗಿ ಹತ್ತಿರ ಬರುವುದಿಲ್ಲ.

ಜೀವಾಮೃತವನ್ನೂ ಮಾಡಿದೆವು. ಎಕರೆಗೆ ಹೇಳುವ 200 ಲೀಟರಿನ ಲೆಕ್ಕವನ್ನು ಇಳಿಸಿ, 20 ಲೀಟರ್ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, ಕಾಲು ಕೆಜಿಗೆ ಸ್ವಲ್ಪ ಕಡಿಮೆ ಬೆಲ್ಲ, ಅಷ್ಟೇ ಹುರುಳಿ ಹಿಟ್ಟು, ಬೇಲಿ ಬುಡದ ಒಂದು ಹಿಡಿ ಮಣ್ಣು. ಎರಡು ದಿನ ಬೆಳಿಗ್ಗೆ ಸಂಜೆ ತಿರುವಿ, ಮೂರನೇ ದಿನ ಹತ್ತು ಪಾಲು ನೀರಿಗೆ ಬೆರೆಸಿ ಹಾಕುವುದು. ಇದರ ಬಗ್ಗೆ ನಮ್ಮಲ್ಲಿ ಭಕ್ತಿ ಜಾಸ್ತಿ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇದರಲ್ಲಿ ಹುಲ್ಲಿನ ಹೊಟ್ಟೆ ತುಂಬುವಷ್ಟು ಸಾರಜನಕ ಇಲ್ಲ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಚುರುಕು ಕೊಡಬಹುದು ಅಷ್ಟೆ. ತಿನ್ನಲು ಗೊಬ್ಬರವೇ ಇಲ್ಲದ ಮಣ್ಣಿಗೆ ಬರೀ ಜೀವಾಮೃತ ಹೊಯ್ದರೆ ಜೀವಿಗಳಾದರೂ ಏನು ಮಾಡಿಯಾವು? ಎದುರು ಮನೆಯವರು ವಾಸನೆ ಬಗ್ಗೆ ಎರಡು ಸಲ ವಿಚಾರಿಸಿದ ಮೇಲೆ ಅದನ್ನು ಹಿತ್ತಲಿನ ಬದನೆಗೆ ವರ್ಗಾಯಿಸಿದ್ದೇವೆ.

ನಿಜವಾದ ಪರೀಕ್ಷೆ ನೀರು. 400 ಚದರಡಿಗೆ ಒಂದಿಂಚು ನೀರು ಅಂದರೆ 940 ಲೀಟರಿಗೂ ಮೇಲೆ. ಸ್ಪ್ರಿಂಕ್ಲರ್ ಕೆಳಗೆ ನಾಲ್ಕು ಸ್ಟೀಲ್ ಡಬ್ಬಿ ಇಟ್ಟು, ಎಷ್ಟು ಹೊತ್ತಿಗೆ ಒಂದಿಂಚು ತುಂಬುತ್ತದೆ ಅಂತ ನೋಡಿ ಲೆಕ್ಕ ಹಿಡಿದಿದ್ದೆ. ವಾರಕ್ಕೊಂದು ಸಾವಿರ ಲೀಟರ್ ಟ್ಯಾಂಕು, ಬರೀ ಹುಲ್ಲಿಗೆ. 2023ರಲ್ಲಿ ಮಳೆ ಕೈಕೊಟ್ಟಿತು, ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. ಬೇಸಿಗೆ ಬಂದಂತೆ ಮೈಸೂರಿನಲ್ಲಿ ಯಾರು ಸಿಕ್ಕರೂ ಕೆಆರ್‌ಎಸ್ ಎಷ್ಟಡಿ ಇದೆ ಅನ್ನುವುದೇ ಮಾತು. 124.80 ಅಡಿಯ ಅಣೆಕಟ್ಟಿನ ಮಟ್ಟ ಪತ್ರಿಕೆಯಲ್ಲಿ ದಿನದಿನಕ್ಕೂ ಇಳಿಯುತ್ತಿತ್ತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ, ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಅಲ್ಲಿರುವ ತಂಗಿ ಫೋನಿನಲ್ಲಿ, "ನಿನ್ನ ಹುಲ್ಲೇನು ಸ್ನಾನ ಮಾಡ್ತಾ ಇದೆಯೇನೇ ಇನ್ನೂ?" ಅಂತ ಚುಚ್ಚಿದಳು.

ಮಾಡುತ್ತಿರಲಿಲ್ಲ. ಫೆಬ್ರವರಿ ಕೊನೆಗೇ ನೀರು ನಿಲ್ಲಿಸಿದ್ದೆ. ಮೆಕ್ಸಿಕನ್ ಹುಲ್ಲು ನೀರಿಲ್ಲದಿದ್ದರೆ ಎಲೆ ಒಣಗಿಸಿಕೊಂಡು ಬುಡ, ಬೇರಿನಲ್ಲಿ ಜೀವ ಹಿಡಿದುಕೊಳ್ಳುತ್ತದೆ. ಎರಡು ಮೂರು ವಾರಕ್ಕೊಮ್ಮೆ, ತರಕಾರಿ ಅಕ್ಕಿ ತೊಳೆದ ನೀರನ್ನು ಡ್ರಮ್ಮಿನಲ್ಲಿ ಕೂಡಿಸಿ, ಬುಡ ಸಾಯದಷ್ಟು ಕೊಟ್ಟೆವು. ವಾಷಿಂಗ್ ಮೆಷಿನ್ನಿನ ನೀರು ಹಾಕಲಿಲ್ಲ, ಸೋಪಿನ ಪುಡಿಯ ಸೋಡಿಯಂ ಮಣ್ಣನ್ನು ಕಟ್ಟಿಹಾಕುತ್ತದೆ. ಆರ್‌ಒ ಯಂತ್ರ ಹೊರಹಾಕುವ ಉಪ್ಪುನೀರೂ ಬೇಡ, ನಮ್ಮ ಮಣ್ಣಿನ ಪಿಎಚ್ ಮೊದಲೇ ಜಾಸ್ತಿ. ಎರಡು ತಿಂಗಳು ಅಂಗಳ ಒಣ ಭತ್ತದ ಹುಲ್ಲಿನ ಬಣ್ಣಕ್ಕಿತ್ತು. ಬಂದವರೆಲ್ಲ "ಅಯ್ಯೋ, ಹೋಯ್ತಾ?" ಅಂದರು. ಮೇ ತಿಂಗಳಲ್ಲಿ ಎರಡು ಒಳ್ಳೆಯ ಮಳೆ ಬಿದ್ದವು, ವಾರದಲ್ಲಿ ಹಸಿರು. ಗೊಬ್ಬರ ತಿಂದು ಆರಿಂಚು ಕೆಳಗೆ ಬೇರಿಳಿಸಿಕೊಂಡಿದ್ದರ ಫಲ ಅದು. ಯೂರಿಯಾ ನೀರಿನ ಮೇಲೆ ಬದುಕಿದ್ದ ಬೀದಿಯ ಇನ್ನೊಂದು ಲಾನ್‌ಗೆ ಆ ವರ್ಷ ಹೊಸ ಕಾರ್ಪೆಟ್ ಬಂತು.

ಈಗ ನಮ್ಮ ಲಾನ್ ಪೂರ್ತಿ ಮೆಕ್ಸಿಕನ್ ಅಲ್ಲ. ಗೇಟಿನ ಕಡೆಯಿಂದ ಗರಿಕೆ ನುಗ್ಗಿದೆ. ಒಂದು ಕಾಲದಲ್ಲಿ ಕೀಳುತ್ತಿದ್ದೆ, ಈಗ ಒಂದೂವರೆ ಅಡಿ ಪಟ್ಟಿಯನ್ನು ಅದಕ್ಕೆಂದೇ ಬಿಟ್ಟಿದ್ದೇವೆ. ಗೌರಿ ಗಣೇಶನ ಹಬ್ಬಕ್ಕೆ ಇಡೀ ಬೀದಿಯವರು ಇಪ್ಪತ್ತೊಂದು ಗರಿಕೆಗೆ ನಮ್ಮಲ್ಲಿಗೇ ಬರುತ್ತಾರೆ, ಔಷಧಿ ಹೊಡೆಯದ ಗರಿಕೆ ಅನ್ನುವ ಹೆಸರು ಬಿದ್ದಿದೆ. ಅತ್ತೆಗೆ ಲಾನಿನಲ್ಲಿ ಮೆಚ್ಚುಗೆಯಾದ ಮೊದಲ ಸಂಗತಿ ಅದೇ. ಪೂರ್ವದ ಗೋಡೆಯ ಬುಡದಲ್ಲಿ, ಪಕ್ಕದ ಮನೆಯ ಮಹಡಿ ಎದ್ದಮೇಲೆ, ನೆರಳು ಬಿದ್ದು ಹುಲ್ಲು ತೆಳುವಾಯಿತು. ಅಲ್ಲಿ ಮತ್ತೆ ಮತ್ತೆ ಹುಲ್ಲು ಹಾಸುವ ಹಟ ಬಿಟ್ಟು ಒಂದೆಲಗ ಹಬ್ಬಿಸಿದ್ದೇವೆ. ತೇವ, ನೆರಳು ಎರಡೂ ಅದಕ್ಕೆ ಇಷ್ಟ. ವಾರಕ್ಕೊಂದು ತಂಬುಳಿ ಆಗುತ್ತದೆ. ಹಾಗಾಗಿ 400 ಚದರಡಿಯಲ್ಲಿ ಹುಲ್ಲು ಉಳಿದಿರುವುದು 300ರ ಆಸುಪಾಸು, ನೀರಿನ ಲೆಕ್ಕವೂ ಅಷ್ಟು ಇಳಿಯಿತು. ಇನ್ನೂ ಚಿಕ್ಕದಾದರೂ ನನಗೆ ಬೇಸರವಿಲ್ಲ.

ಕೊನ್ನಾರಿ ಇದೆ. ಮಳೆ ನಿಂತ ಮಾರನೇ ಬೆಳಿಗ್ಗೆ ನೆಲ ಮೆತ್ತಗಿರುವಾಗ ಉಳಿ ಹಿಡಿದು ಕೂರುತ್ತೇನೆ, ಮಗಳು ಗೆಡ್ಡೆಗಳನ್ನು ಎಣಿಸಿ ಡಬ್ಬಿಗೆ ಹಾಕುತ್ತಾಳೆ. ತಾತನಿಗೆ ಈಗ ಮೊಣಕಾಲು ನೋವು, ಬಗ್ಗುವ ಕೆಲಸಕ್ಕೆ ಮೊಮ್ಮಗನನ್ನು ಕಳಿಸುತ್ತಾರೆ. ಅವನು ಮೂವರ್ ಬದಲು ಪೆಟ್ರೋಲ್ ಕಟರ್ ತರುತ್ತೇನೆ, ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ ಅನ್ನುತ್ತಿದ್ದಾನೆ. ಉತ್ತರೆ ಮಳೆಗೆ ಮುಂಚೆ ಮೇಲ್ಗೊಬ್ಬರ ಹರಡಬೇಕು, ಹೊಂಗೆ ಹಿಂಡಿಯ ಮೂಟೆ ಬಂದು ಶೆಡ್ಡಿನಲ್ಲಿದೆ, ಮರಳಿಗೆ ಹೇಳಿಯಾಗಿದೆ.